ಕತ್ತರಿಯ ಮೇಲಿನ ಆರೋಪ

ನಮ್ಮ ಮನೆಯ ಮೆಟ್ಟಿಲ ಪಕ್ಕದಲ್ಲಿ, ಅಗಲವಾದೊಂದು ಮಣ್ಣಿನ ತಟ್ಟೆಯಲ್ಲಿ, ಮೊಣಕಾಲೆತ್ತರದ ಬಾಟಲ್ ಬ್ರಷ್ ಮರವೊಂದಿದೆ. ಮರ ಎಂದೇ ಹೇಳುತ್ತೇನೆ. ಅದಕ್ಕೀಗ 19 ವರ್ಷ. ಹೋದ ತಿಂಗಳು ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಅದರ ಮಾತು ಬಂತು. ಮಿತ್ರರೊಬ್ಬರು, "ಮರದ ಕಾಲು ಕಟ್ಟಿ ಸಾಕುವುದು ಕ್ರೌರ್ಯವಲ್ಲದೆ ಇನ್ನೇನು ಸ್ವಾಮಿ?" ಎಂದರು. ಮತ್ತೊಬ್ಬರು, "ಕನ್ನಡ ಮೇಷ್ಟ್ರಿಗೆ ಆಸ್ಟ್ರೇಲಿಯದ ಗಿಡವೇ ಬೇಕಿತ್ತೆ?" ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಉತ್ತರ ನನ್ನ ಬಾಯಲ್ಲೇ ಉಳಿಯಿತು. ಅದನ್ನು ಇಲ್ಲಿ ಕೊಡುತ್ತಿದ್ದೇನೆ.

ಎರಡನೆಯ ಆಕ್ಷೇಪ ಹಗುರವಾದದ್ದು, ಮೊದಲು ಅದನ್ನು ಮುಗಿಸಿಬಿಡೋಣ. 1770ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗಿನಲ್ಲಿ ಹೋದ ಜೋಸೆಫ್ ಬ್ಯಾಂಕ್ಸ್ ಆಸ್ಟ್ರೇಲಿಯದ ಪೂರ್ವ ಕರಾವಳಿಯಲ್ಲಿ ಈ ಗಿಡವನ್ನು ಸಂಗ್ರಹಿಸಿದ. 1814ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞ ಇದರ ಕುಲಕ್ಕೆ ಕ್ಯಾಲಿಸ್ಟೆಮನ್ ಎಂದು ಹೆಸರಿಟ್ಟ. ಚೆಲುವಾದ ಕೇಸರ ಎಂದು ಅರ್ಥ. ನಾವು ಕೆಂಪು ಹೂವೆಂದು ನೋಡುವುದೆಲ್ಲ ದಳವಲ್ಲ, ಕೇಸರಗಳ ಗೊಂಚಲು. ಗಿಡ ಪರದೇಶದ್ದು, ನಿಜ. ಆದರೆ ಕುಟುಂಬ ಯಾವುದು? ನಮ್ಮ ನೇರಳೆಯದೇ. ಇನ್ನು ಅದೇ ಕುಟುಂಬದ ಸೀಬೆಯಂತೂ ಅಮೆರಿಕದಿಂದ ಬಂದದ್ದು; ಆ ಮಿತ್ರರು ಪ್ರತಿದಿನ ಮಧ್ಯಾಹ್ನ ಉಪ್ಪು ಖಾರ ಹಚ್ಚಿಕೊಂಡು ತಿನ್ನುವುದು ಅದನ್ನೇ. ಖಾರದ ಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದೆಂದು ಹೇಳಿ ಅವರ ಊಟ ಕೆಡಿಸುವುದು ಬೇಡ.

ಇನ್ನು ಕ್ರೌರ್ಯದ ಮಾತು. ನನ್ನ ಗಿಡ ಅಂಗಡಿಯಿಂದ ಬಂದದ್ದಲ್ಲ. ನಮ್ಮ ತಂದೆಯವರು ಬೀದಿಯಂಚಿನಲ್ಲಿ ನೆಟ್ಟ ಬಾಟಲ್ ಬ್ರಷ್ ಒಂದಿತ್ತು. ವಿದ್ಯುತ್ ತಂತಿಗೆ ತಗಲುತ್ತದೆಂದು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಯಾರೋ ಬಂದು ಅದರ ಒಂದೇ ಮಗ್ಗುಲನ್ನು ಮಚ್ಚಿನಿಂದ ಕಡಿದು ಹೋಗುತ್ತಿದ್ದರು. ಕೊಂಬೆ ಸೀಳಿ ತೊಗಟೆ ನೇತಾಡುತ್ತಿತ್ತು. ಹೀಗೆ ಭಾರವೆಲ್ಲ ಇನ್ನೊಂದು ಮಗ್ಗುಲಿಗೆ ಬಿದ್ದ ಮರ ಒಂದು ಮೇ ತಿಂಗಳ ಗಾಳಿಗೆ ಉರುಳಿತು. ತಂದೆಯವರು ಆಗ ಹಾಸಿಗೆ ಹಿಡಿದಿದ್ದರು. ಕಿಟಕಿಯಿಂದ ನೋಡಿ ಒಂದು ಮಾತೂ ಆಡಲಿಲ್ಲ. ನಾನು ಬಿದ್ದ ಮರದ ಎಳೆಗಡ್ಡಿಗಳನ್ನು ಕತ್ತರಿಸಿ ಮರಳಿನಲ್ಲಿ ಊರಿದೆ. ಹತ್ತರಲ್ಲಿ ಎರಡು ಬೇರು ಬಿಟ್ಟವು. ನೆಲವಿಲ್ಲದ ಮನೆಗೆ ಬಂದ ಮೇಲೆ ಅವು ತಟ್ಟೆ ಸೇರಿದವು. ಬೋನ್ಸಾಯ್ ಎಂಬ ಜಪಾನೀ ಮಾತಿನ ಅರ್ಥವೂ ಅಷ್ಟೆ, ತಟ್ಟೆಯಲ್ಲಿ ನೆಟ್ಟದ್ದು. ಬೀದಿಯ ಮಚ್ಚನ್ನು ಕಂಡು ಆ ದಿನ ಕ್ರೌರ್ಯ ಎಂದವರು ಯಾರೂ ಇರಲಿಲ್ಲ. ಇಂದಿಗೂ ಆ ಮಾತು ಕೇಳಿಬರುವುದು ನನ್ನ ಕೈಯ ಸಣ್ಣ ಕತ್ತರಿಯ ಮೇಲೆ ಮಾತ್ರ.

ಈ ಗಿಡವನ್ನು ಕತ್ತರಿಸದೆ ಬಿಟ್ಟರೆ ಏನಾಗುತ್ತದೆಂದು ಮಿತ್ರರು ಒಮ್ಮೆ ಗಮನಿಸಬೇಕು. ಬಾಟಲ್ ಬ್ರಷ್ಷಿನ ಹೂಗೊಂಚಲು ಕೊಂಬೆಯ ಕೊನೆಯಲ್ಲ. ಹೂವನ್ನು ತೂರಿಕೊಂಡು ಅದೇ ಕಡ್ಡಿ ಮುಂದಕ್ಕೆ ಚಿಗುರುತ್ತದೆ. ಕೇಸರ ಉದುರಿದ ಮೇಲೆ ಗುಂಡುಮಣಿಗಳಂಥ ಗಟ್ಟಿ ಕಾಯಿಗಳು ಕಡ್ಡಿಯನ್ನು ತಬ್ಬಿಕೊಂಡು ವರ್ಷಗಟ್ಟಲೆ ಕೂರುತ್ತವೆ. ಒಳಗೆ ನಶ್ಯದಂಥ ಬೀಜ. ಕೊಂಬೆ ಒಣಗಿದಾಗ, ಇಲ್ಲವೆ ಕಾಡ್ಗಿಚ್ಚಿಗೆ ಸಿಕ್ಕಾಗ, ಅವು ಬಾಯಿ ಬಿಡುತ್ತವೆ. ಹಲವು ಜಾತಿಗಳು ಬೆಂಕಿಯಾದ ಮೇಲೆ ಬುಡದಿಂದಲೇ ಮತ್ತೆ ಚಿಗುರುತ್ತವೆ. ಕತ್ತರಿ ಕಾಣದ ಗಿಡದಲ್ಲಿ ವರ್ಷಕ್ಕೊಂದು ಪಟ್ಟಿ ಕಾಯಿ, ನಡುವೆ ಬೋಳು ಕಡ್ಡಿ, ತುದಿಯಲ್ಲಿ ಒಂದು ಹಿಡಿ ಎಲೆ. ತವರಿನಲ್ಲಿ ಬೆಂಕಿ ಮಾಡುವ ಕೆಲಸವನ್ನು ನಮ್ಮ ಮೆಟ್ಟಿಲ ಮೇಲೆ ಯಾರು ಮಾಡಬೇಕು? ಬೆಂಕಿ ಹಚ್ಚಲೆ?

ಹಾಗೆಂದು ಕತ್ತರಿ ಹಿಡಿದವರೆಲ್ಲ ಬಲ್ಲವರೆಂದು ನಾನು ವಾದಿಸುವುದಿಲ್ಲ. ನನ್ನ ನಿಜವಾದ ಜಗಳ ಇರುವುದೇ ಅವರೊಡನೆ. ಜಪಾನಿನ ದೇವದಾರು, ಮೇಪಲ್‌ಗಳಿಗೆ ಬರೆದ ನಿಯಮಗಳನ್ನು ಯಾವ ಗಿಡವೆಂದು ನೋಡದೆ ಎಲ್ಲಕ್ಕೂ ವಿಧಿಸುವ ಪುಸ್ತಕಗಳಿವೆ. ಅಂಥದೊಂದನ್ನು ನಂಬಿ ನಾನೂ ಕೆಟ್ಟೆ. ಆಕಾರ ಉಳಿಯಬೇಕಾದರೆ ಚಿಗುರನ್ನು ವರ್ಷವಿಡೀ ಚಿವುಟುತ್ತಿರಬೇಕು ಎಂದಿತ್ತು. ಶ್ರದ್ಧೆಯಿಂದ ಚಿವುಟಿದೆ. ಮೂರು ವರ್ಷ ಒಂದು ಹೂವಿಲ್ಲ! ಮೊಗ್ಗು ಕಟ್ಟುವುದು ಬೆಳೆದ ಚಿಗುರಿನ ತುದಿಯಲ್ಲಿ. ಆ ತುದಿಯನ್ನೇ ನಾನು ಪ್ರತಿ ಭಾನುವಾರ ಕಸದ ಬುಟ್ಟಿಗೆ ಹಾಕುತ್ತಿದ್ದೆ.

ಇನ್ನೊಂದು ಗಿಡದ ಕಥೆ ಇದಕ್ಕಿಂತ ಕೆಟ್ಟದ್ದು. ಚಳಿಗಾಲದ ಕೊನೆಯಲ್ಲಿ ಬೇರಿನ ಮಣ್ಣು ತೊಳೆದು ಅರ್ಧ ಬೇರು ಕತ್ತರಿಸಬಹುದೆಂದು ಅದೇ ಪುಸ್ತಕ ಹೇಳಿತ್ತು. ಎಲೆಯುದುರಿಸಿ ನಿದ್ದೆ ಹೋಗುವ ಮೇಪಲ್‌ಗೆ ಅದು ಸರಿ. ಎಲೆ ಹೊತ್ತೇ ನಿಂತಿರುವ ಗಿಡಕ್ಕೆ ಬೇರು ಅರ್ಧವಾದರೆ ನೀರು ಏರಿಸುವವರು ಯಾರು? ಹದಿನೈದು ದಿನದಲ್ಲಿ ಎಲೆಗಳು ಹಸಿರಿರುವಂತೆಯೇ ಒಣಗಿ ನಿಂತವು. ತಂದೆಯ ಮರದ ಎರಡು ಕಡ್ಡಿಗಳಲ್ಲಿ ಒಂದು ಹೀಗೆ ನನ್ನ ಕೈಯಲ್ಲೇ ಹೋಯಿತು. ಅದನ್ನು ಕ್ರೌರ್ಯವೆನ್ನಿ, ಒಪ್ಪುತ್ತೇನೆ.

ಆಸ್ಟ್ರೇಲಿಯದವರೇ ತಮ್ಮ ಗಿಡಗಳನ್ನು ಬಹುಕಾಲ ಬೋನ್ಸಾಯ್‌ಗೆ ತಕ್ಕವೆಂದು ಎಣಿಸಲಿಲ್ಲ. ಅವರಿಗೂ ಜಪಾನಿನ ಪೈನ್, ಜೂನಿಪರ್‌ಗಳೇ ಆದರ್ಶವಾಗಿದ್ದವು. ಈಗ ಹಾಗಿಲ್ಲ. 2013ರಲ್ಲಿ ಸಾರ್ವಜನಿಕರಿಗೆ ತೆರೆದ ಕ್ಯಾನ್‌ಬೆರಾದ ರಾಷ್ಟ್ರೀಯ ವೃಕ್ಷೋದ್ಯಾನದ ಬೋನ್ಸಾಯ್ ಸಂಗ್ರಹದಲ್ಲಿ ಅವರ ನೆಲದ ಗಿಡಗಳಿಗೂ ಸ್ಥಾನವಿದೆ. ಅವರು ಕಲಿತದ್ದು, ಗಿಡದ ತವರಿನಿಂದ ನಿಯಮ ತೆಗೆಯಬೇಕೆಂಬುದು. ಬ್ಯಾಂಕ್ಸಿಯಾವನ್ನೇ ನೋಡಿ. ರಂಜಕ ತೀರ ಕಡಮೆಯಿರುವ ಹಳೆಯ ಮಣ್ಣಿನಲ್ಲಿ ಬೆಳೆಯುವ ಗಿಡ ಅದು; ಕುಂಚದಂಥ ಬೇರುಗಳಿಂದ ಇದ್ದಬದ್ದ ರಂಜಕವನ್ನೆಲ್ಲ ಹೀರುತ್ತದೆ. ಅದಕ್ಕೆ ಪ್ರೀತಿಯಿಂದ ಮೂಳೆಪುಡಿಯೋ ಸೂಪರ್ ಫಾಸ್ಫೇಟೋ ಬಡಿಸಿದರೆ ಉಪಚಾರವೇ ವಿಷವಾಗುತ್ತದೆ. ಬಾಟಲ್ ಬ್ರಷ್ ಅಷ್ಟು ನಾಜೂಕಲ್ಲ, ಆದರೂ ಗೊಬ್ಬರ ಹಿತಮಿತವಾಗಿರಲಿ. ನೀರು ಮಾತ್ರ ಧಾರಾಳ ಬೇಕು. ಇದರ ಎಷ್ಟೋ ಜಾತಿಗಳು ಹೊಳೆದಂಡೆಯವು. ಬೇಸಿಗೆಯಲ್ಲಿ ನನ್ನ ತಟ್ಟೆಯನ್ನು ಬೆರಳಷ್ಟು ನೀರಿರುವ ಇನ್ನೊಂದು ತಟ್ಟೆಯೊಳಗೆ ಇಡುತ್ತೇನೆ.

ಹಾಗಾದರೆ ಕತ್ತರಿಸುವುದು ಎಂದು? ಪಂಚಾಂಗ ನೋಡಬೇಡಿ, ಆಸ್ಟ್ರೇಲಿಯದ ಪುಸ್ತಕದ ನವೆಂಬರನ್ನಂತೂ ನಂಬಲೇಬೇಡಿ, ಅದು ಅವರ ವಸಂತದ ಕೊನೆ. ಹೂವನ್ನೇ ನೋಡಿ. ಕೇಸರ ಬಾಡಿ ಉದುರತೊಡಗಿದ ಕೂಡಲೆ, ಕಾಯಿ ಗಟ್ಟಿಯಾಗುವ ಮೊದಲೆ, ಗೊಂಚಲಿಗೆ ಸ್ವಲ್ಪ ಹಿಂದೆ ಕತ್ತರಿಸಬೇಕು. ಒಂದರ ಜಾಗದಲ್ಲಿ ಎರಡು ಮೂರು ಕವಲು ಬರುತ್ತವೆ. ಆಮೇಲೆ ಮುಂದಿನ ಹೂವಿನವರೆಗೆ ಕೈ ಕಟ್ಟಿ ಕೂರಬೇಕು. ಗಿಡ ಸ್ವಲ್ಪ ಕೆದರಿದ ತಲೆಯಂತೆ ಕಂಡರೂ ಚಿಂತೆಯಿಲ್ಲ. ಬೇರಿಗೆ ಕೈ ಹಾಕುವುದು ಸೆಕೆ ಹಿಡಿದ ಮೇಲೆ, ಅದೂ ಎರಡು ಮೂರು ವರ್ಷಕ್ಕೊಮ್ಮೆ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಎಲೆಯನ್ನು ಸಣ್ಣದಾಗಿಸಬಹುದು, ಹೂಗೊಂಚಲು ಅಷ್ಟಾಗಿ ಮಾತು ಕೇಳುವುದಿಲ್ಲ. ಅಂಗೈಯಗಲದ ಮರ ಬೇಕೆನ್ನುವವರು 'ಲಿಟಲ್ ಜಾನ್' ಎಂಬ ಗಿಡ್ಡ ತಳಿಯನ್ನು ಹುಡುಕಿಕೊಳ್ಳಲಿ. ನನ್ನ ಮೊಣಕಾಲೆತ್ತರದ ಮರ ಮಾಮೂಲು ಅಳತೆಯ ಹೂವನ್ನೇ ಬಿಡುತ್ತದೆ, ಚಿಕ್ಕ ಹುಡುಗ ಅಪ್ಪನ ಪೇಟ ಇಟ್ಟುಕೊಂಡಂತೆ. ಪ್ರದರ್ಶನದ ತೀರ್ಪುಗಾರರಿಗೆ ಇದು ದೋಷ, ನನಗೆ ಅಲ್ಲ.

ಈ ಸಲ ಹನ್ನೊಂದು ಗೊಂಚಲು ಬಂದವು. ಸೂರಕ್ಕಿ ದಿನವೂ ಬಂದು ಹೋಗುತ್ತಿದೆ. ಮರ ಗಿಡ್ಡವೆಂದು ಅದು ಆಕ್ಷೇಪಿಸಿದ್ದನ್ನು ನಾನು ಕಾಣೆ. ಕೆಳಗಿನ ನಾಲ್ಕು ಗೊಂಚಲು ಬಾಡುತ್ತಿವೆ, ಬರುವ ಭಾನುವಾರ ಬೆಳಿಗ್ಗೆ ಕತ್ತರಿಸುವವನಿದ್ದೇನೆ. ನಮ್ಮ ಮಿತ್ರರು ದಯಮಾಡಿ ಬರಲಿ. ಕಾಫಿ ಆದ ಮೇಲೆ ಕತ್ತರಿಯನ್ನು ಅವರ ಕೈಗೇ ಕೊಡುತ್ತೇನೆ. ಬರುವ ದಾರಿಯಲ್ಲಿ ತಂತಿಯ ಕೆಳಗೆ ಹೊಸದಾಗಿ ಕಡಿದ ಮೂರು ಹೊಂಗೆ ಮರಗಳು ಎಡಗಡೆಗೆ ಸಿಗುತ್ತವೆ. ಅವನ್ನೂ ನೋಡಿಕೊಂಡು ಬರಲಿ.