ಕಂಪೆನಿಯ ಹೆಸರು ಸಾಲದು, ಅಳತೆ ಬೇಕು

ಮುಂಗಾರಿಗೆ ಮುನ್ನ ಮರಗಸಿಯ ಕೆಲಸ ಹತ್ತಿರವಾದಂತೆ, ಅಟ್ಟದ ಮೇಲಿದ್ದ ಹಳೆಯ ಮರ ಕೊಯ್ಯುವ ಯಂತ್ರಗಳು ಕೆಳಗಿಳಿಯುತ್ತವೆ. ಎಂಜಿನ್ ಚೆನ್ನಾಗಿಯೇ ಇರುತ್ತದೆ. ಚೈನು ಮಾತ್ರ ಸವೆದಿರುತ್ತದೆ. ಪೇಟೆಗೆ ಹೋದವರು ಕಂಪೆನಿಯ ಹೆಸರು, ಬಾರಿನ ಉದ್ದ ಇಷ್ಟನ್ನೇ ಹೇಳಿ ಚೈನು ತರುತ್ತಾರೆ. ತಂದದ್ದು ಕೂರುವುದಿಲ್ಲ, ಕೂತರೂ ಓರೆಯಾಗಿ ಕೊಯ್ಯುತ್ತದೆ. "ಇದಕ್ಕೆ ಈಗ ಚೈನು ಬರುವುದಿಲ್ಲ, ಹೊಸ ಮೆಷಿನ್ ತಗೊಳ್ಳಿ" ಎಂಬ ಉಪದೇಶವೂ ಸಿಗುತ್ತದೆ. ಎರಡು ಎಕರೆಯ ಬೆಳೆಗಾರನಿಗೆ ಇದು ಸಣ್ಣ ಖರ್ಚಲ್ಲ. ಆ ಮಾತಿಗೆ ತಲೆದೂಗುವ ಮೊದಲು ಮೂರು ಅಳತೆಗಳನ್ನು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಕಾಫಿ ಹಡಗು ಹತ್ತುವ ಪಣಂಬೂರು ಬಂದರನ್ನೇ ನೋಡಿ. ಕಂಟೇನರ್ ಯಾವ ಕಂಪೆನಿಯದೇ ಇರಲಿ, 20 ಅಡಿ ಅಥವಾ 40 ಅಡಿ ಎಂಬ ಗೊತ್ತಾದ ಅಳತೆ ಇರುವುದರಿಂದಲೇ ಕ್ರೇನು ಅದನ್ನು ಎತ್ತುತ್ತದೆ. ಚೈನಿನ ಕಥೆಯೂ ಇಷ್ಟೇ.

ಮೊದಲನೆಯದು ಪಿಚ್. ಸಾಲಾಗಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು, ಅದರಲ್ಲಿ ಅರ್ಧ ತೆಗೆದುಕೊಳ್ಳಬೇಕು. 8.25 ಮಿ.ಮೀ. ಬಂದರೆ ಅದು .325 ಇಂಚಿನ ಚೈನು, ಸುಮಾರು 9.3 ಬಂದರೆ 3/8, 10.26 ಬಂದರೆ .404. ಎರಡನೆಯದು ಗೇಜ್, ಅಂದರೆ ಬಾರಿನ ಸಂದಿನೊಳಗೆ ಓಡುವ ಕೊಂಡಿಯ ದಪ್ಪ. ಇದು ಸಾಮಾನ್ಯವಾಗಿ 1.1, 1.3, 1.5 ಅಥವಾ 1.6 ಮಿ.ಮೀ. ಇರುತ್ತದೆ. ದಪ್ಪವಾದದ್ದು ಸಂದಿಗೆ ಇಳಿಯುವುದಿಲ್ಲ. ತೆಳುವಾದದ್ದು ವಾಲಾಡಿ ಓರೆ ಕೊಯ್ಯುತ್ತದೆ. ಮೂರನೆಯದು ಆ ಕೊಂಡಿಗಳ ಲೆಕ್ಕ. ಇದನ್ನು ಒಂದೊಂದಾಗಿ ಎಣಿಸಲೇಬೇಕು. ಬಾರಿನ ಉದ್ದ ಒಂದೇ ಇದ್ದರೂ ಮೆಷಿನ್ ಬದಲಾದರೆ ಲೆಕ್ಕ ಬದಲಾಗಬಹುದು. ಪಿಚ್, ಗೇಜ್ ಎರಡನ್ನೂ ಅನೇಕ ಬಾರುಗಳ ಬುಡದಲ್ಲೇ ಕೊರೆದಿರುತ್ತಾರೆ. ಮಣ್ಣು, ಎಣ್ಣೆ ಒರೆಸಿ ನೋಡಿದರೆ ಕಾಣುತ್ತದೆ.

ಹಳೆಯ ಯಂತ್ರಕ್ಕೆ ಚೈನು ಇಲ್ಲವೆಂಬ ಮಾತನ್ನು ನಾವು ಸುಲಭವಾಗಿ ಒಪ್ಪದಿರುವುದಕ್ಕೆ ಕಾರಣವಿದೆ. ಅಮೆರಿಕದ ಆರೆಗಾನಿನಲ್ಲಿ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಮರ ಕೊರೆಯುವ ಜೀರುಂಡೆಯ ಹುಳು ಎಡಕ್ಕೂ ಬಲಕ್ಕೂ ದವಡೆಯಾಡಿಸಿ ಮರ ತಿನ್ನುವುದನ್ನು ಕಂಡು, 1947ರಲ್ಲಿ ಅದೇ ರೀತಿಯ ಹಲ್ಲುಗಳ ಚೈನನ್ನು ಮಾರಾಟಕ್ಕೆ ತಂದ. ನಮ್ಮ ಅರೇಬಿಕಾ ಗಿಡ ಕೆಡಿಸುವ ಬಿಳಿ ಕಾಂಡಕೊರಕದ ಜಾತಿಯಿಂದ ಮನುಷ್ಯನಿಗೆ ಆದ ಉಪಕಾರ ಇದೊಂದೇ ಇರಬೇಕು! ಎಡ ಬಲ ಹಲ್ಲಿನ ಆ ಕ್ರಮ ಇಂದಿಗೂ ಬಳಕೆಯಲ್ಲಿದೆ. ಅಳತೆ ಕೂಡಿದರೆ ಬೇರೆ ಕಂಪೆನಿಯ ಚೈನೂ ನಡೆಯುತ್ತದೆ.

ಆದರೆ ಚೈನು ಒಂಟಿಯಲ್ಲ. ಎಂಜಿನ್ ಬದಿಯ ಸ್ಪ್ರಾಕೆಟ್, ಬಾರು, ಚೈನು ಮೂರೂ ಒಂದೇ ಸಂಸಾರ. ಪಿಚ್ ಬೇರೆಯಾದರೆ ಚೈನು ಸ್ಪ್ರಾಕೆಟ್ಟಿನ ಹಲ್ಲಿನ ಮೇಲೆ ಹತ್ತಿ ಎರಡನ್ನೂ ತಿನ್ನುತ್ತದೆ. ಗುಳಿ ಬಿದ್ದ ಸ್ಪ್ರಾಕೆಟ್ಟಿಗೆ ಹೊಸ ಚೈನು ಹಾಕುವುದೆಂದರೆ ದುಡ್ಡು ನೀರಿಗೆ ಹಾಕಿದಂತೆ. ಹಳೆಯ ಪಿಚ್ಚಿನದು ಎಲ್ಲೂ ಸಿಗದಿದ್ದರೆ, ಆ ಮೆಷಿನ್ನಿಗೆ ಹೊಂದುವ ಬೇರೆ ಪಿಚ್ಚಿನ ಸ್ಪ್ರಾಕೆಟ್, ಬಾರು, ಚೈನುಗಳನ್ನು ಒಟ್ಟಿಗೇ ಬದಲಿಸಬೇಕು.

ಹಳೆಯದೆಲ್ಲವನ್ನೂ ಉಳಿಸಬೇಕೆಂದು ನಾವು ವಾದಿಸುತ್ತಿಲ್ಲ. ಬಾರಿನ ತುದಿ ಮರಕ್ಕೆ ತಾಗಿ ಯಂತ್ರ ಹಿಂದಕ್ಕೆ ಎಗರಿದಾಗ ಚೈನನ್ನು ಕ್ಷಣದಲ್ಲಿ ನಿಲ್ಲಿಸುವ ಬ್ರೇಕು ಬಹಳ ಹಳೆಯ ಮಾದರಿಗಳಲ್ಲಿ ಇರುವುದಿಲ್ಲ. ಅಂಥದನ್ನು ಆಳಿನ ಕೈಗೆ ಕೊಡುವುದು ಉಳಿತಾಯವಲ್ಲ. ಅದಕ್ಕೆ ಎಂಥ ಚೈನು ತಂದರೂ ಅದು ಸರಿಯಾದ ಚೈನಲ್ಲ.

ಉಳಿದವುಗಳ ವಿಷಯದಲ್ಲಿ ಸಹಕಾರ ಸಂಘಗಳು ಮನಸ್ಸು ಮಾಡಬೇಕು. ಗೊಬ್ಬರ, ಮೈಲುತುತ್ತ ಮಾರುವ ಮಳಿಗೆಯಲ್ಲಿಯೇ ಒಂದು ಪಿಚ್ ಅಳೆಯುವ ತಗಡು, ಹೆಚ್ಚು ಬಳಕೆಯ ಅಳತೆಗಳ ಚೈನಿನ ಸುರುಳಿ, ರಿವೆಟ್ ಬಿಡಿಸಿ ಕೂಡಿಸುವ ಸಾಧನ ಇಟ್ಟರೆ ಬೇಕಾದಷ್ಟೇ ಕೊಂಡಿ ಎಣಿಸಿ ಕತ್ತರಿಸಿ ಕೊಡಬಹುದು. ಒಬ್ಬ ಬೆಳೆಗಾರನಿಗೆ ಸುರುಳಿ ಕೊಳ್ಳುವುದು ಆಗದ ಮಾತು, ನೂರು ಮಂದಿ ಸೇರಿದ ಸಂಘಕ್ಕೆ ಆಗುವ ಮಾತು. ಸದಸ್ಯರು ಮಾಡಬೇಕಾದ್ದು ಇಷ್ಟು: ಮೂರು ಅಂಕಿಗಳನ್ನು ಇಂದೇ ಮೆಷಿನ್ನಿನ ಮೈಮೇಲೆ ಬಣ್ಣದಲ್ಲಿ ಬರೆದಿಡಿ, ಪೇಟೆಗೆ ಹೋಗುವಾಗ ಹಳೆಯ ಚೈನನ್ನು ಚೀಲದಲ್ಲಿ ಹಾಕಿಕೊಳ್ಳಿ.