ಕಿತ್ತಳೆಯ ಬುಟ್ಟಿ ಮತ್ತು ನಮ್ಮ ಶಾಲೆಯ ಬೀಗ

ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳದ ಹಾಜಬ್ಬನವರನ್ನು ಒಂದು ದಿನ ವಿದೇಶೀ ದಂಪತಿಗಳು ಹಣ್ಣಿನ ಬೆಲೆ ಎಷ್ಟೆಂದು ಇಂಗ್ಲಿಷಿನಲ್ಲಿ ಕೇಳಿದರು. ಓದು ಬರಹ ಕಲಿಯದ ಹಾಜಬ್ಬನವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಂದವರು ಹಣ್ಣು ಕೊಳ್ಳದೆ ಹೊರಟುಹೋದರು. ಆ ಸಂಕಟ ಅವರನ್ನು ಮನೆಯವರೆಗೂ ಹಿಂಬಾಲಿಸಿತು. ಅವರ ಊರಾದ ನ್ಯೂಪಡ್ಪುವಿನಲ್ಲಿ ಆಗ ಶಾಲೆಯೇ ಇರಲಿಲ್ಲ. ತನಗಾದ ಅವಮಾನ ಊರಿನ ಮಕ್ಕಳಿಗೆ ಆಗಬಾರದೆಂದು ನಿಶ್ಚಯಿಸಿದ ಅವರು ದಿನದ ಅಲ್ಪ ಸಂಪಾದನೆಯಲ್ಲಿ ಪಾಲು ತೆಗೆದಿರಿಸಿದರು. ಸರಕಾರಿ ಕಚೇರಿಗಳಿಗೆ ಅಲೆದರು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿನ ಮದ್ರಸದ ಆಸರೆಯಲ್ಲಿ 28 ಮಕ್ಕಳ ಒಂದು ಪ್ರಾಥಮಿಕ ಶಾಲೆ ಆರಂಭವಾಯಿತು. ಮುಂದೆ ಅದಕ್ಕೆ ಸ್ವಂತ ಜಾಗ ದೊರೆಯಿತು, ಕಟ್ಟಡ ಎದ್ದಿತು, ಪ್ರೌಢಶಾಲೆಯೂ ಬಂದಿತು. ತಮಗೆ ಬಂದ ಪ್ರಶಸ್ತಿಯ ಹಣವನ್ನೂ ಹಾಜಬ್ಬನವರು ಶಾಲೆಗೇ ಸುರಿದರು. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ಪಡಿತರ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದರು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದೊಳಕ್ಕೆ ಬರಿಗಾಲಿನಲ್ಲೇ ನಡೆದುಹೋದರು.

ಒಂದು ಪುಟ್ಟ ಶಾಲೆಯ ಈ ಚರಿತ್ರೆಯನ್ನು ಕೇಳಿ ನಾವೆಲ್ಲರೂ ಚಪ್ಪಾಳೆ ತಟ್ಟಿದೆವು. ತಟ್ಟುವ ಮುನ್ನ ನಮ್ಮ ದೇವಾಲಯದ ಪಕ್ಕದಲ್ಲಿರುವ ಹಳೆಯ ಶಾಲೆಯ ಬಾಗಿಲನ್ನು ಒಮ್ಮೆ ನೋಡಬೇಕಾಗಿತ್ತು. ಎಷ್ಟೋ ಧರ್ಮಕೇಂದ್ರಗಳಲ್ಲಿ ಇಂದು ಆ ಬಾಗಿಲಿಗೆ ಬೀಗ ಬಿದ್ದಿದೆ. ಅಕ್ಷರವರಿಯದ ಬಡವರೊಬ್ಬರು ಬುಟ್ಟಿ ಹೊತ್ತು ತೆರೆದ ಬಾಗಿಲು ಅಲ್ಲಿ. ಅಕ್ಷರ ಕಲಿತ ನಾವು ಮುಚ್ಚಿದ ಬಾಗಿಲು ಇಲ್ಲಿ.

ನಮ್ಮ ಪೂರ್ವಿಕರು ಹೀಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕೆಲವೇ ವರ್ಷಗಳಲ್ಲಿ ಶಾಲೆ ತೆರೆದರು. 1841ರಲ್ಲಿ ಮುದ್ರಣಾಲಯ ಸ್ಥಾಪಿಸಿ ಕನ್ನಡ ಪುಸ್ತಕಗಳನ್ನು ಅಚ್ಚುಹಾಕಿಸಿದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಅವರ ಶ್ರಮದಿಂದಲೇ. ಕಥೋಲಿಕ ಧರ್ಮಗುರುಗಳೂ ಧರ್ಮಭಗಿನಿಯರೂ ಊರೂರಿನಲ್ಲಿ ಶಾಲೆಗಳನ್ನು ಕಟ್ಟಿದರು. ಅನೇಕ ಕಡೆ ಒಂದೇ ಸೂರಿನಡಿಯಲ್ಲಿ ಭಾನುವಾರ ಬಲಿಪೂಜೆ, ಸೋಮವಾರ ಪಾಠ. ಈ ಕಾಳಜಿ ಕ್ರೈಸ್ತರ ಸೊತ್ತು ಮಾತ್ರವೇನೂ ಆಗಿರಲಿಲ್ಲ. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಸ್ವಜನರ ಕೋಪಕ್ಕೂ ಬಹಿಷ್ಕಾರಕ್ಕೂ ಗುರಿಯಾದರು. ಇವರೆಲ್ಲರೂ ಕೇಳಿಕೊಂಡ ಪ್ರಶ್ನೆ ಒಂದೇ: ಈ ಊರಿನಲ್ಲಿ ಯಾರಿಗೂ ಬೇಡವಾದ ಮಗು ಯಾವುದು?

ಇಂದು ನಮ್ಮ ಆಡಳಿತ ಸಮಿತಿಗಳಲ್ಲಿ ಕೇಳಿಬರುವ ಪ್ರಶ್ನೆ ಬೇರೆ: ಈ ಶಾಲೆಯಿಂದ ಲಾಭವೇನು? ಕನ್ನಡ ಶಾಲೆಗೆ ಮಕ್ಕಳು ಬರುವುದಿಲ್ಲ, ಪೋಷಕರಿಗೆ ಇಂಗ್ಲಿಷ್ ಬೇಕು, ನಿವೃತ್ತರಾದ ಶಿಕ್ಷಕರ ಸ್ಥಾನ ತುಂಬಲು ಸರಕಾರ ಅನುಮತಿ ಕೊಡುವುದಿಲ್ಲ ಎಂಬ ಕಾರಣಗಳನ್ನು ಮುಂದಿಡಲಾಗುತ್ತದೆ. ಇವುಗಳಲ್ಲಿ ಸತ್ಯವಿದೆ. ಅನುದಾನಿತ ಶಾಲೆಗಳ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುವುದು ಸರಕಾರದ ದೊಡ್ಡ ತಪ್ಪು. ಬಡ ತಾಯಿಯೂ ತನ್ನ ಮಗು ಇಂಗ್ಲಿಷ್ ಕಲಿಯಲೆಂದು ಬಯಸುವುದು ಖಂಡಿತ ತಪ್ಪಲ್ಲ. ಹಾಜಬ್ಬನವರು ತಲೆತಗ್ಗಿಸಿದ್ದೂ ಆ ಭಾಷೆ ಬಾರದೆಯೇ. ಆದರೆ ಅದೇ ಆವರಣದಲ್ಲಿ ಅದೇ ಆಡಳಿತ ಮಂಡಳಿ ಎತ್ತರದ ಇಂಗ್ಲಿಷ್ ಮಾಧ್ಯಮ ಶಾಲೆ ಕಟ್ಟಿ, ಅದಕ್ಕೆ ಹೊಸ ಬಸ್ಸು, ಗಣಕಯಂತ್ರ, ಆಟದ ಮೈದಾನ ಒದಗಿಸಿ, ಹಳೆಯ ಶಾಲೆಯ ಸೋರುವ ಹೆಂಚನ್ನೂ ಬದಲಿಸದೆ ಬಿಟ್ಟಲ್ಲಿ, ಮಕ್ಕಳು ಬರುವುದಿಲ್ಲವೆಂದು ದೂರುವ ಹಕ್ಕು ಅದಕ್ಕೆಲ್ಲಿಯದು? ಬರದಂತೆ ಮಾಡಿದವರು ಯಾರು? ಕನ್ನಡ ಶಾಲೆಯಲ್ಲೇ ಇಂಗ್ಲಿಷನ್ನು ಚೆನ್ನಾಗಿ ಕಲಿಸಬಲ್ಲ ಒಬ್ಬ ಶಿಕ್ಷಕಿಯನ್ನು ನೇಮಿಸಲು ನಾವು ಎಷ್ಟು ಕಡೆ ಪ್ರಯತ್ನಿಸಿದೆವು?

2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಒಂದೇ ದಿನ ಎರಡು ತೀರ್ಪುಗಳನ್ನು ನೀಡಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಬಲವಂತವಾಗಿ ಹೇರುವಂತಿಲ್ಲವೆಂದು ಕರ್ನಾಟಕದ ಪ್ರಕರಣದಲ್ಲಿ ತೀರ್ಮಾನಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ, ಅವು ಅನುದಾನಿತವಾಗಿದ್ದರೂ, ಅನ್ವಯಿಸದೆಂದು ಇನ್ನೊಂದು ಪ್ರಕರಣದಲ್ಲಿ ಹೇಳಿತು. ಖಾಸಗಿ ಶಾಲೆಗಳು ಒಂದನೆಯ ತರಗತಿಯ ಕನಿಷ್ಠ ಶೇಕಡಾ 25 ಸ್ಥಾನಗಳನ್ನು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಕೊಡಬೇಕೆಂಬುದು ಆ ಕಾಯಿದೆಯ ಒಂದು ಮುಖ್ಯ ವಿಧಿ. ಎರಡೂ ತೀರ್ಪುಗಳಿಂದ ನಮ್ಮಲ್ಲಿ ಅನೇಕರು ನಿಟ್ಟುಸಿರು ಬಿಟ್ಟರು.

ಸಂವಿಧಾನದ 30ನೆಯ ವಿಧಿ ನಮಗೆ ಅಮೂಲ್ಯವಾದುದು. ಅದನ್ನು ಉಳಿಸಿಕೊಳ್ಳಲು ಹೋರಾಡಿದವರನ್ನು ನಾನು ಹಳಿಯುವುದಿಲ್ಲ. ಆದರೆ ಆ ರಕ್ಷಣೆ ನಮಗೇಕೆ ಬೇಕಾಗಿತ್ತು? ನಮ್ಮ ಶಾಲೆಗಳನ್ನು ನಮ್ಮ ವಿಶ್ವಾಸಕ್ಕೆ ತಕ್ಕಂತೆ ನಡೆಸಲು. ಬಡ ಮಗುವನ್ನು ಒಳಗೆ ಬಿಟ್ಟುಕೊಳ್ಳುವುದಕ್ಕಿಂತ ಹೆಚ್ಚಾಗಿ ನಮ್ಮ ವಿಶ್ವಾಸಕ್ಕೆ ತಕ್ಕುದಾದುದು ಮತ್ತೇನಿದೆ? ಕಾಯಿದೆ ನಮ್ಮನ್ನು ಬಿಟ್ಟಿತು, ಶುಭಸಂದೇಶ ಬಿಟ್ಟಿದೆಯೇ? ಯಾರು ದೊಡ್ಡವರೆಂದು ಶಿಷ್ಯರು ವಾದಿಸುತ್ತಿದ್ದಾಗ ಯೇಸುಸ್ವಾಮಿ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದರು. ಆ ಮಗುವಿನ ತಂದೆಯ ಆದಾಯವೆಷ್ಟೆಂದು ಅವರು ವಿಚಾರಿಸಲಿಲ್ಲ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಶಿಕ್ಷಣದ ಘೋಷಣೆಯೂ ಬಡವರನ್ನು, ಕುಟುಂಬದ ಆಸರೆಯಿಲ್ಲದವರನ್ನು, ವಿಶ್ವಾಸದ ಹೊರಗಿರುವವರನ್ನು ವಿಶೇಷವಾಗಿ ನೋಡಿಕೊಳ್ಳಬೇಕೆಂದು ಧರ್ಮಸಭೆಯ ಪಾಲಕರನ್ನು ಕೇಳಿಕೊಂಡಿದೆ. ಬಡವರನ್ನು ಕಾಯಿದೆ ಬಲವಂತದಿಂದ ಒಳತರಲಾರದಿದ್ದರೆ ನಾವು ಸ್ವಂತ ಇಚ್ಛೆಯಿಂದ ಕರೆತರಬೇಕು. ಇಲ್ಲವಾದರೆ ಅಲ್ಪಸಂಖ್ಯಾತರ ಹಕ್ಕೆಂಬುದು ಸಿರಿವಂತರ ಅಂಗಳಕ್ಕೆ ಕಟ್ಟಿದ ಬೇಲಿಯಾದೀತು.

ಹೊರೆಯನ್ನು ಧರ್ಮಗುರುಗಳ ಮತ್ತು ಧರ್ಮಭಗಿನಿಯರ ಹೆಗಲಿಗೆ ಹೊರಿಸಿ ನಾವು ಕುಟುಂಬಸ್ಥರು ಕೈತೊಳೆದುಕೊಳ್ಳುವಂತಿಲ್ಲ. ಧರ್ಮಕೇಂದ್ರದ ಹಬ್ಬಕ್ಕೆ ದೀಪಾಲಂಕಾರ, ಪಟಾಕಿ, ಊಟವೆಂದು ನಾವು ಸಂತೋಷದಿಂದಲೇ ಕೊಡುತ್ತೇವೆ. ಅದೇ ಕುಟುಂಬಗಳು ತಿಂಗಳಿಗೆ ಅಷ್ಟಿಷ್ಟು ಕೂಡಿಸಿದರೆ ಒಬ್ಬ ಶಿಕ್ಷಕಿಯ ಸಂಬಳ ಹುಟ್ಟದೇ? ಶಾಲೆಗೆ ನೂರು ವರ್ಷ ತುಂಬಿದಾಗ ನಾವು ವೇದಿಕೆ ಹಾಕಿ, ಹಿರಿಯ ವಿದ್ಯಾರ್ಥಿಗಳಿಗೆ ಶಾಲು ಹೊದಿಸಿ, ದಪ್ಪನೆಯ ಸ್ಮರಣ ಸಂಚಿಕೆಯನ್ನು ಅಚ್ಚುಹಾಕಿಸುತ್ತೇವೆ. ವೇದಿಕೆಯ ಮೇಲೆ ಕಣ್ಣೀರು ಒರೆಸಿಕೊಳ್ಳುವವರ ಮೊಮ್ಮಕ್ಕಳಲ್ಲಿ ಒಬ್ಬರಾದರೂ ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವುದು ಅಪರೂಪ. ಶಾಲೆಯ ಚರಿತ್ರೆ ಸ್ಮರಣ ಸಂಚಿಕೆಯಲ್ಲಿ ಉಳಿಯುವುದಿಲ್ಲ, ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ. ಅದರಲ್ಲಿ ಹೆಸರು ಕೂಗುವುದು ನಿಂತ ದಿನ ಚರಿತ್ರೆಯೂ ಮುಗಿಯುತ್ತದೆ.

ಆದುದರಿಂದ ಧರ್ಮಕೇಂದ್ರದ ಪಾಲನಾ ಸಮಿತಿಗಳಲ್ಲಿ ನನ್ನದು ಮೂರು ವಿನಂತಿ. ಶಾಲೆಯನ್ನು ಮುಚ್ಚುವ ಠರಾವಿಗೆ ಸಹಿ ಹಾಕುವ ಮುನ್ನ ಸುತ್ತಲಿನ ಕಾಲೋನಿ, ತೋಟದ ಲೈನು ಮನೆ, ವಲಸೆ ಕಾರ್ಮಿಕರ ಗುಡಿಸಲುಗಳಿಗೆ ಖುದ್ದಾಗಿ ಹೋಗಿ, ಶಾಲೆಗೆ ಹೋಗದ ಮಕ್ಕಳು ಎಷ್ಟಿದ್ದಾರೆಂದು ಎಣಿಸಿರಿ. ನಮ್ಮ ಇಂಗ್ಲಿಷ್ ಮಾಧ್ಯಮ ಶಾಲೆಗಳ ಶುಲ್ಕದಲ್ಲಿ ಒಂದು ಪಾಲನ್ನು ಹಳೆಯ ಕನ್ನಡ ಶಾಲೆಗೆಂದೇ ಮೀಸಲಿಡಿರಿ. ಯಾವ ನ್ಯಾಯಾಲಯದ ಆದೇಶವೂ ಇಲ್ಲದೆ, ಪ್ರತಿ ತರಗತಿಯಲ್ಲೂ ಬಡ ಮಕ್ಕಳಿಗೆ ಶುಲ್ಕರಹಿತ ಸ್ಥಾನಗಳನ್ನು ತೆಗೆದಿರಿಸಿರಿ. ಹಣವಿಲ್ಲವೆಂದು ಮಾತ್ರ ಹೇಳಬೇಡಿರಿ. ಕಿತ್ತಳೆಯ ಬುಟ್ಟಿಯ ಮುಂದೆ ಆ ಮಾತು ನಿಲ್ಲುವುದಿಲ್ಲ.

ತನಗಾದ ಅವಮಾನವನ್ನು ಊರಿನ ಮಕ್ಕಳ ಭಾಗ್ಯವಾಗಿ ಮಾರ್ಪಡಿಸಿದ ಆ ಮುಸಲ್ಮಾನ ಹಿರಿಯರು ಶುಭಸಂದೇಶದ ಪಾಠವೊಂದನ್ನು ನಮ್ಮೆದುರಿಗೆ ನಡೆದು ತೋರಿಸಿದ್ದಾರೆ. ಬೀಗದ ಕೈ ಇನ್ನೂ ನಮ್ಮ ಬಳಿಯೇ ಇದೆ. ಮುಂದಿನ ಜೂನ್ ತಿಂಗಳೊಳಗೆ ಅದನ್ನು ತಿರುಗಿಸೋಣ.