ಹಸು ಕುಂಟಿದರೆ ಫೋನು, ನೀವು ಕುಂಟಿದರೆ?

ಹಾಲು ಉತ್ಪಾದಕ ಅಕ್ಕಂದಿರೇ,

ಹಸು ಒಂದು ಕಾಲನ್ನು ಎತ್ತಿ ಎತ್ತಿ ಇಟ್ಟರೆ ಅದೇ ದಿನ ನನಗೆ ಫೋನ್ ಬರುತ್ತದೆ. ಒಳ್ಳೆಯದೇ. ಕಾಲು ನೋಯುವ ಹಸು ಸರಿಯಾಗಿ ಮೇಯುವುದಿಲ್ಲ, ಹಾಲು ಇಳಿಯುತ್ತದೆ. ಆದರೆ ಹಾಲ್ಕುರಿಕೆ ಸುತ್ತಿನ ಕೊಟ್ಟಿಗೆಗಳಲ್ಲಿ ನಾನು ಗೊರಸು ನೋಡುವಾಗ, ಹಗ್ಗ ಹಿಡಿದ ಅಕ್ಕನೂ ಹಿಮ್ಮಡಿ ಊರದೆ ನಿಂತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕೇಳಿದರೆ "ವಯಸ್ಸಾಯ್ತಲ್ಲ, ಬಿಡಿ ಡಾಕ್ಟ್ರೇ" ಎನ್ನುತ್ತಾರೆ. ವಯಸ್ಸಿನ ಮೇಲೆ ಎಲ್ಲ ತಪ್ಪು ಹೊರಿಸಬೇಡಿ. ನೆಲದ ಪಾಲೂ ದೊಡ್ಡದಿದೆ.

ಕೋನೇಹಳ್ಳಿ ಕಾವಲಿನ ಅಮೃತಮಹಲ್ ದನಗಳು ಹುಲ್ಲು, ಮಣ್ಣಿನ ಮೇಲೆ ನಡೆದು ಬೆಳೆದವು. ನಮ್ಮ ಎಚ್.ಎಫ್. ಮಿಶ್ರತಳಿ ಹಸು ದಿನವಿಡೀ ಕಾಂಕ್ರೀಟಿನ ಮೇಲೆ ನಿಲ್ಲುತ್ತದೆ. ಸಗಣಿ, ಗಂಜಲದಲ್ಲಿ ನೆಂದು ಗೊರಸು ಮೆತ್ತಗಾಗುತ್ತದೆ, ಹಿಂಭಾಗ ಸವೆದು ನೋಯುತ್ತದೆ. ಅದಕ್ಕೇ ರಬ್ಬರ್ ಮ್ಯಾಟ್ ಹಾಸಿ, ನೆಲ ಒಣಗಿಸಿ, ಬೆಳೆದ ಗೊರಸು ಕತ್ತರಿಸಿ ಎನ್ನುತ್ತೇವೆ. ಅದೇ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ಓಡಾಡುವ ನಿಮಗೆ ಏನು ಹಾಸಿದ್ದೇವೆ?

ನಾನು ದನದ ಡಾಕ್ಟರು, ನಿಮಗೆ ಔಷಧಿ ಬರೆಯುವ ಹಕ್ಕು ನನಗಿಲ್ಲ. ಆದರೆ ನೋವಿನ ಮೂಲ ಹೇಳಬಲ್ಲೆ. ಅಂಗಾಲಿನಲ್ಲಿ ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಬಿಲ್ಲಿನ ಹೆದೆಯಂಥ ಗಟ್ಟಿ ನಾರಿನ ಪಟ್ಟಿ ಇದೆ. ಬಹಳ ಹೊತ್ತು ಗಟ್ಟಿ ನೆಲದ ಮೇಲೆ ನಿಂತರೆ, ಹೊರೆ ಹೊತ್ತರೆ, ಮೈತೂಕ ಹೆಚ್ಚಿದರೆ ಅದು ಹಿಮ್ಮಡಿಯ ಬಳಿ ಜಗ್ಗಿ ನೋಯುತ್ತದೆ. ರಾತ್ರಿ ಬಿಗಿದುಕೊಳ್ಳುವುದರಿಂದ ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಚುಚ್ಚುತ್ತದೆ. ನಡೆದಾಡಿದರೆ ಸಡಿಲವಾಗಿ, ಸಂಜೆಗೆ ಮತ್ತೆ ಬರುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಎಂದರೆ ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದು ಇರುತ್ತದೆ.

ಹಾಸಿಗೆಯಿಂದ ಇಳಿಯುವ ಮೊದಲು ಟವೆಲನ್ನು ಕಾಲ್ಬೆರಳ ಬುಡಕ್ಕೆ ಹಾಕಿ ನಿಮ್ಮತ್ತ ಎಳೆಯಿರಿ, 30 ಎಣಿಸಿ ಬಿಡಿ. ಮೂರು ನಾಲ್ಕು ಸಲ ಮಾಡಿ. ಸಂಜೆ ನೀರು ತುಂಬಿ ಗಡ್ಡೆ ಕಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ, 10 ನಿಮಿಷ ಅಂಗಾಲಿನಡಿ ಉರುಳಿಸಿ. ಬಿಸಿ ಇಟ್ಟಿಗೆ, ಎಕ್ಕದ ಎಲೆಯ ಶಾಖ ಹಿತ ಎನಿಸಬಹುದು. ಆದರೆ ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟಿದ್ದೂ ತಿಳಿಯುವುದಿಲ್ಲ, ಅವರು ಶಾಖವನ್ನೂ ಮಂಜುಗಡ್ಡೆಯನ್ನೂ ಬಿಡಬೇಕು. ಅಂಗಡಿಯ ನೋವಿನ ಮಾತ್ರೆ ದಿನವೂ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು.

ಇನ್ನು ಚಪ್ಪಲಿಯ ಮಾತು. ಲಕ್ಷ್ಮಿ ಇರುವ ಕೊಟ್ಟಿಗೆಗೆ ಚಪ್ಪಲಿ ಮೆಟ್ಟಿ ಹೋಗಬಾರದು ಎಂಬ ಭಾವನೆಯನ್ನು ಗೌರವಿಸುತ್ತೇನೆ. ಹಾಗಾದರೆ ದಪ್ಪ, ಮೆತ್ತನೆ ಅಟ್ಟೆಯ ಒಂದು ಜೊತೆಯನ್ನು ಕೊಟ್ಟಿಗೆಗೇ ಮೀಸಲಿಡಿ, ದಿನವೂ ತೊಳೆಯಿರಿ. ಬೀದಿಯ ಕೊಳೆ ಒಳಗೆ ಬಾರದು. ಕೊಟ್ಟಿಗೆ ತೊಳೆಯುವಾಗ ಗಂಬೂಟು ಇನ್ನೂ ಒಳ್ಳೆಯದು: ಒಡೆದ ಹಿಮ್ಮಡಿಯ ಬಿರುಕಿನಿಂದ ಇಲಿಜ್ವರದ ರೋಗಾಣು ಮೈಗೆ ಹೊಕ್ಕಬಲ್ಲದು.

ಈ ನೋವು ಹೋಗಲು ವಾರಗಳಲ್ಲ, ತಿಂಗಳುಗಳೇ ಬೇಕು. ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ವರ್ಷದೊಳಗೆ ಗುಣವಾಗುತ್ತದೆ. ಊತ, ಜ್ವರ, ಜೋಮು, ಹುಣ್ಣು ಇದ್ದರೆ, ಬಿದ್ದು ಪೆಟ್ಟಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಕಾಯದೆ ತಿಪಟೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಎಲ್ಲಕ್ಕಿಂತ ದೊಡ್ಡ ಔಷಧಿ ವಿಶ್ರಾಂತಿ. ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯವರೇ ಕೊಡಬೇಕು. ಸಗಣಿ ಬಾಚುವುದು, ಡೇರಿಗೆ ಕ್ಯಾನು ಒಯ್ಯುವುದು ಗಂಡಸರೂ ಮಾಡಬಲ್ಲ ಕೆಲಸಗಳೇ. ಸಂಘದ ಮುಂದಿನ ಸಭೆಯಲ್ಲಿ ಹಸುವಿನ ಮ್ಯಾಟ್ ಜೊತೆಗೆ ನಿಮ್ಮ ಗಂಬೂಟಿನ ಮಾತನ್ನೂ ಎತ್ತಿ. ಕೇಳಲು ಸಂಕೋಚ ಬೇಡ. ಹಾಲು ಕರೆಯುವ ಕೈ ನಿಮ್ಮದು, ಕೊಟ್ಟಿಗೆ ನಿಂತಿರುವುದು ನಿಮ್ಮ ಕಾಲಿನ ಮೇಲೆ.